ಮುಗಿಯದ ಪೂಜೆ

ಕುರುಗೋಡಿನ ಶಿವಬಸಮ್ಮನಿಗೆ ಶಿವನ ಕರೆ ಬಂದಿದೆ, ಅನ್ನ ಬಿಟ್ಟಿದ್ದಾಳೆ, ಬೆಳಗಿನಿಂದ ಬೈಗಿನ ತನಕ ಲಿಂಗಪೂಜೆಯಲ್ಲೇ ಕೂತಿರುತ್ತಾಳೆ ಎಂಬ ಸುದ್ದಿ ಸಿರುಗುಪ್ಪಕ್ಕೆ ಬಂದದ್ದು ಹತ್ತಿ ಹೇರಿಕೊಂಡು ಬಂದ ಬಂಡಿಯವನ ಬಾಯಿಂದ. ಶಿವಬಸಮ್ಮನ ಮಗಳು ಚನ್ನವೀರಮ್ಮ ಸಿರುಗುಪ್ಪದ ಸೊಸೆ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಅಂಗಳಕ್ಕೆ ಬಂದಳು. ಬಂಡಿಯವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಸಾವಿನ ಸುದ್ದಿ ತಂದವರ ಮುಖ ಅವನದಾಗಿರಲಿಲ್ಲ. ಕ್ಷೇತ್ರಕ್ಕೆ ಹೋಗಿ ಬಂದವರ ಮುಖವಾಗಿತ್ತು.

“ಪುಣ್ಯವಂತರವ್ವ ನಿಮ್ಮ ತಾಯಿ,” ಅಂದ. “ಜ್ವರ ಇಲ್ಲ, ಕೆಮ್ಮಿಲ್ಲ, ಇಲ್ಲಿ ನೋವು ಅಲ್ಲಿ ನೋವು ಅನ್ನಂಗಿಲ್ಲ. ಸುಮ್ಮನ ಒಳಗ ಒಳಗ ಹೊಂಟಾರ. ಊರೆಲ್ಲ ಬಂದು ಕಾಲಿಗೆ ಬೀಳಾಕ ಹತ್ತೈತಿ.”

ಸ್ವರಾಜ್ಯ ಬಂದು ಒಂದೆರಡು ವರ್ಷವಾಗಿತ್ತು, ಬಳ್ಳಾರಿ ಸೀಮೆ ಇನ್ನೂ ಮದ್ರಾಸಿನ ಕೈಯಲ್ಲೇ ಇತ್ತು. ಸಂಕ್ರಾಂತಿ ಕಳೆದು ಎರೆಭೂಮಿಯ ತುಂಬ ಹತ್ತಿ ಬಿರಿದಿತ್ತು. ಚನ್ನವೀರಮ್ಮ ಬಿಡಿಸುವ ಹತ್ತಿಯನ್ನೂ ಗಂಡನ ಊಟವನ್ನೂ ನೆಗೆಣ್ಣಿಗೆ ಒಪ್ಪಿಸಿ ಅದೇ ಬಂಡಿ ಹತ್ತಿ ಹೊರಟಳು. ದಾರಿಯುದ್ದಕ್ಕೂ ಅಳು ಬರಲಿಲ್ಲ. ಎದೆಯಲ್ಲಿ ಒಂದು ದೊಡ್ಡ ಭಯ ಇತ್ತು, ಅದರ ಜೊತೆಗೇ ಹೇಳಬಾರದಂಥ ಒಂದು ಹೆಮ್ಮೆಯೂ ಇತ್ತು. ತವರುಮನೆಗೆ ಅಂಥದೊಂದು ಹೆಸರಿತ್ತು. ಶಿವಬಸಮ್ಮನ ಅತ್ತೆ ಹೀಗೇ ಹೋದವಳು: ಒಂದು ದಿನ ತಾಟನ್ನು ಹಿಂದಕ್ಕೆ ಸರಿಸಿ ‘ಇನ್ನ ಸಾಕು’ ಅಂದಳಂತೆ, ಕೂತಲ್ಲೇ ಕೂತು, ಅಂಗೈಯಲ್ಲಿ ಲಿಂಗ ಹಿಡಿದು, ಎಲ್ಲರನ್ನೂ ಹೆಸರು ಹಿಡಿದು ಕರೆದು ಮಾತಾಡಿಸಿ ಕಣ್ಣು ಮುಚ್ಚಿದಳಂತೆ. ಆ ಮನೆಯ ಹೆಣ್ಣುಮಕ್ಕಳು ಮಲಗಿ ಸಾಯುವುದಿಲ್ಲ ಎಂದು ಸುತ್ತಿನ ಹಳ್ಳಿಗಳವರು ಹೇಳುತ್ತಿದ್ದರು. ಅವ್ವನೂ ಅದೇ ಹಾದಿ ಹಿಡಿದಳೇ?

ಕುರುಗೋಡಿನ ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗಿನಿಂದ ಭಜನೆಯ ತಾಳ. ಬಾಗಿಲಲ್ಲಿ ಅಣ್ಣ ಮರಿಬಸಪ್ಪ ನಿಂತಿದ್ದ. ಕಣ್ಣು ಅತ್ತು ಕೆಂಪಾಗಿದ್ದವು, ಆದರೆ ಹಣೆಯ ಮೇಲೆ ದಪ್ಪ ವಿಭೂತಿ ಹಚ್ಚಿಕೊಂಡು ಮದುವೆಮನೆಯ ಯಜಮಾನನ ಹಾಗೆ ಬಂದವರನ್ನು ಒಳಗೆ ಕರೆಯುತ್ತಿದ್ದ.

“ಬಾ ಚನ್ನಿ. ಅಳಬ್ಯಾಡ. ಇದು ಅಳೋ ಹೊತ್ತಲ್ಲ,” ಅಂದ.

“ಏನಾತಣ್ಣ? ಎಲ್ಲಿ ನೋವಂತ?”

“ಅದ ನೋಡು ಆಶ್ಚರ್ಯ! ಎಲ್ಲಿಯೂ ಇಲ್ಲ. ಹಣಿ ಮುಟ್ಟಿ ನೋಡು, ಬಾವಿ ಕಲ್ಲಿನಂಗ ತಣ್ಣಗೈತಿ. ಮೊನ್ನಿ ತನಕ ಹತ್ತಿ ಬಿಡಿಸೋರಿಗೆ ಬುತ್ತಿ ಕಟ್ಟಿ ಕಳಸಾಕಿ. ಒಂದಿನ ಅಂಗಳದಾಗ ಸುಮ್ಮನ ಕುಸದು ಕುಂತಳು. ಎತ್ತಿ ಕುಂದರಿಸಿದ್ವಿ. ಆವತ್ತಿನಿಂದ ಪೂಜಿಗೆ ಕುಂತರ ಏಳಂಗಿಲ್ಲ. ಒಂದು ಪೂಜಿ ಮುಗಿದ ಮ್ಯಾಲ ಮತ್ತೊಂದು. ಉಣ್ಣಬೇ ಅಂದ್ರ ಪೂಜಿ ಆಗಿಲ್ಲ ಅಂತಾಳ. ಸತ್ತೋರ ಜೋಡಿ ಮಾತಾಡ್ತಾಳ. ನಮ್ಮಪ್ಪ ಬಂದು ಬಾಗಲದಾಗ ನಿಂತಾನಂತ.”

ಪಕ್ಕದ ಮನೆಯ ದೊಡ್ಡಬಸಮ್ಮ ಒಳಗಿನಿಂದಲೇ ಬಾಯಿ ಹಾಕಿದಳು: “ನಿಮ್ಮಪ್ಪ ಬದುಕಿದ್ದಾಗ ಒಂದಿನ ಕರೆದ ಹೊತ್ತಿಗೆ ಮನಿಗೆ ಬಂದಾತನಲ್ಲ. ಈಗ ನೋಡ್ರಿ, ಹೆಂಗ ಬಂದು ಕಾಯಾಕ ಹತ್ಯಾನ!” ಎಂದಳು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆ ಮನೆಯಲ್ಲಿ ಆ ಹೊತ್ತು ನಗುವಿಗೂ ಜಾಗ ಇತ್ತು.

ಶಿವಬಸಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಎಪ್ಪತ್ತು ದಾಟಿದ ಮೈ, ಬೆಳ್ಳಗಿನ ತಲೆ. ಮುಂದೆ ತಂಬಿಗೆ, ವಿಭೂತಿ, ಪತ್ರಿ. ಎಡಗೈಯಲ್ಲಿ ಇಷ್ಟಲಿಂಗ. ಅದನ್ನಿಡುವ ಬೆಳ್ಳಿಯ ಕರಡಿಗೆ ಶಿವದಾರದಲ್ಲಿ ಕೊರಳಿಂದ ಇಳಿದು ಎದೆಯ ಮೇಲೆ ತೂಗುತ್ತಿತ್ತು. ಚನ್ನವೀರಮ್ಮ ಪಾದದ ಮೇಲೆ ತಲೆಯಿಟ್ಟು “ಅವ್ವಾ, ನಾನು” ಅಂದಳು. ತಾಯಿ ನೋಡಿದಳು. ಆ ನೋಟ ಮಗಳ ಮುಖವನ್ನು ಹಾದು ಹಿಂದಿನ ಗೋಡೆಗೆ ಹೋಯಿತು.

“ನೀಲಕ್ಕಾ, ನೀರು ಸೇದಿ ಇಡು. ಪೂಜಿ ಆಗಿಲ್ಲ ನಂದು,” ಅಂದಳು.

ನೀಲಕ್ಕ ಅಂದರೆ ಶಿವಬಸಮ್ಮನ ಅಕ್ಕ. ಚನ್ನವೀರಮ್ಮ ಹುಟ್ಟುವ ಮೊದಲೇ ತೀರಿಕೊಂಡವಳು. ಚನ್ನವೀರಮ್ಮನ ಮೈ ಜುಮ್ಮೆಂದಿತು. ಅವಳೂ ಎಲ್ಲರ ಜೊತೆ ಕೂತು ಹಾಡಿದಳು. ಹಾಡುತ್ತ ಹಾಡುತ್ತ ತಾನು ಎಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಜನ ಬರುವ ಮೊದಲು ಅವಳೇ ತಾಯಿಯ ಪೂಜೆಗೆ ನೀರು ಇಟ್ಟು ಎದುರಿಗೆ ಕೂತಳು. ಭಜನೆ ಇರಲಿಲ್ಲ, ಜನ ಇರಲಿಲ್ಲ. ಆಗ ನೋಡಿದಳು.

ತಾಯಿ ಲಿಂಗಕ್ಕೆ ನೀರೆರೆದಳು. ವಿಭೂತಿ ಧರಿಸಿದಳು. ಪತ್ರಿಗೆ ಕೈ ನೀಡಿದಳು. ಕೈ ನಡುವೆ ನಿಂತಿತು. ಏನು ತೆಗೆದುಕೊಳ್ಳಬೇಕಿತ್ತು ಎಂಬುದು ಆ ಕೈಗೆ ಮರೆತುಹೋಗಿತ್ತು. ಮತ್ತೆ ನೀರಿಗೆ ಬಂತು. ಮತ್ತೆ ನೀರೆರೆದಳು. ಮತ್ತೆ ವಿಭೂತಿ, ಈ ಸಲ ಅದನ್ನು ತಂಬಿಗೆಯ ಕಂಠಕ್ಕೆ ಹಚ್ಚಿದಳು. ನಿನ್ನೆ ಹೀಗೆ ಮಾಡಿದಾಗ ‘ಆಕಿಗೆ ಎಲ್ಲದರಾಗೂ ಶಿವನ ಕಾಣಾಕ ಹತ್ಯಾನ’ ಎಂದು ಜನ ಕೈ ಮುಗಿದಿದ್ದರು. ಚನ್ನವೀರಮ್ಮ ಮಾತ್ರ ಈಗ ತಾಯಿಯ ಮುಖ ನೋಡುತ್ತಿದ್ದಳು. ಅಲ್ಲಿ ಶಾಂತಿ ಇರಲಿಲ್ಲ. ಹೊಲದ ನಡುವೆ ದಾರಿ ತಪ್ಪಿ, ಆಚೆ ಈಚೆ ಎಲ್ಲ ಒಂದೇ ಥರದ ಜೋಳ ಕಂಡು, ಅವ್ವನನ್ನು ಕೂಗಲಿಕ್ಕೂ ಬಾಯಿ ಬಾರದ ಕೂಸಿನ ಮುಖ ಅದು.

ಪೂಜೆ ಮುಗಿಸದೆ ಬಾಯಿಗೆ ಅಗುಳು ಹಾಕಿಕೊಂಡ ಜೀವವಲ್ಲ ಶಿವಬಸಮ್ಮ. ಹೆರಿಗೆಯ ನೋವಿನಲ್ಲೂ ಲಿಂಗ ನೋಡಿಯೇ ಗಂಜಿ ಕುಡಿದವಳು. ಈಗ ಪೂಜೆ ಮುಗಿಯಿತೆಂಬುದೇ ಗೊತ್ತಾಗುತ್ತಿಲ್ಲ, ಹಾಗಾಗಿ ಉಣ್ಣುತ್ತಿಲ್ಲ. ಅನ್ನ ಬಿಟ್ಟಿಲ್ಲ ಇವಳು. ಅನ್ನದ ಬಾಗಿಲು ಎಲ್ಲಿದೆ ಎಂದು ಹುಡುಕುತ್ತಿದ್ದಾಳೆ. ಹೀಗೆ ಅನ್ನಿಸಿದ್ದೇ ಚನ್ನವೀರಮ್ಮ ಇನ್ನೂ ಹತ್ತಿರ ಸರಿದು ಕೂತಳು.

ಆಗಲೇ ಕಣ್ಣು ಕರಡಿಗೆಯ ಮೇಲೆ ಬಿತ್ತು. ತಾಯಿ ಅಲುಗಾಡದೆ ಕೂತಿದ್ದರೂ ಅದು ಅಲುಗಾಡುತ್ತಿತ್ತು. ಏರುವುದು, ಇಳಿಯುವುದು, ಏರುವುದು, ಇಳಿಯುವುದು, ನಡುವೆ ಒಂದಿಷ್ಟೂ ನಿಲ್ಲದೆ. ಬೆಳಗಿನ ಬಿಸಿಲು ಬಿದ್ದು ಬೆಳ್ಳಿ ಮಿಣುಕು ಮಿಣುಕು ಅನ್ನುತ್ತಿತ್ತು. ಚನ್ನವೀರಮ್ಮ ತನ್ನ ಎದೆಯ ಮೇಲಿನ ಕರಡಿಗೆಗೆ ಕೈಯಿಟ್ಟು ನೋಡಿಕೊಂಡಳು. ತನ್ನದು ಒಂದು ಸಲ ಏರಿ ಇಳಿಯುವುದರೊಳಗೆ ತಾಯಿಯದು ಎರಡು ಸಲ, ಕೆಲವೊಮ್ಮೆ ಮೂರು ಸಲ ಏರುತ್ತಿತ್ತು. ಸಿರುಗುಪ್ಪದ ಕೊಟ್ಟಿಗೆಯಲ್ಲಿ ಒಂದೆತ್ತು ಹೀಗೆ ನಿಂತದ್ದು ನೆನಪಾಯಿತು. ಕೂಗಲಿಲ್ಲ, ಒದ್ದಾಡಲಿಲ್ಲ, ಮೇವಿನ ಮುಂದೆ ತಲೆ ತಗ್ಗಿಸಿ ನಿಂತಿತ್ತು. ಪಕ್ಕೆ ಮಾತ್ರ ಕಮ್ಮಾರನ ತಿದಿಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ಅಣ್ಣನನ್ನು ಹಿತ್ತಿಲಿಗೆ ಕರೆದು ಹೇಳಿದಳು. “ಅಣ್ಣ, ಅವ್ವಗ ಏನೋ ಬ್ಯಾನಿ ಐತಿ. ಉಸರು ನೋಡು. ಬಳ್ಳಾರಿ ದವಾಖಾನಿಗೆ ಕರಕೊಂಡು ಹೋಗೂಣು.”

ಮರಿಬಸಪ್ಪ ಅವಳನ್ನು ಗುರುತು ಹತ್ತದವನ ಹಾಗೆ ನೋಡಿದ. “ಬ್ಯಾನಿ? ಯಾವ ಬ್ಯಾನಿ? ಮೈ ಸುಡತೈತೇನು? ಕೆಮ್ಮತಾಳೇನು? ಅಯ್ಯೋ ಅಂದಾಳೇನು ಒಂದ್ಸಲರ? ಬ್ಯಾನಿ ಇದ್ರ ಬ್ಯಾನಿಯಂಗ ಇರಬೇಕಲ್ಲ ಚನ್ನಿ!”

“ಮಂದಿಗೆ ಬರೋದು ಹಂಗ ಬರತೈತಿ. ಅವ್ವಗ ಹಿಂಗ ಬಂದೈತೇನೋ.”

“ನಾಳೆ ಮಠದ ಅಯ್ಯನವರು ಬಂದು ಕಡೀ ವಿಭೂತಿ ಇಡಾವ್ರು ಅದಾರ. ಅಂಥಾ ಹೊತ್ತಿನ್ಯಾಗ ಬಂಡ್ಯಾಗ ಹಾಕ್ಕೊಂಡು ಹೋಗಿ, ಹಾದ್ಯಾಗ ಏನಾರ ಆತಂದ್ರ? ಯಾರದೋ ಹೊಲದ ಬದುವಿನ ಮ್ಯಾಲ, ಧೂಳದಾಗ, ಹಿಂದೊಬ್ಬರಿಲ್ಲ ಮುಂದೊಬ್ಬರಿಲ್ಲ! ನಮ್ಮಜ್ಜಿ ಹೋದ ಮನಿಯಿಂದ ಅವ್ವನ ಎಳಕೊಂಡು ಹೋಗಿ ಬೀದ್ಯಾಗ ಕಳಕೊಂಡೆ ಅಂತ ಆಮ್ಯಾಲ ನೀ ಹೆಂಗ ನಿದ್ದಿ ಮಾಡ್ತಿ?”

ಅವನ ದನಿ ಒಡೆಯಿತು. ಸಿಟ್ಟಿನಿಂದಲ್ಲ. ಚನ್ನವೀರಮ್ಮನಿಗೂ ಅದೇ ಭಯ. ತನ್ನ ಲೆಕ್ಕ ತಪ್ಪಿದರೆ ತಾಯಿಯ ಕೈಯಿಂದ ಒಂದು ಒಳ್ಳೆಯ ಸಾವನ್ನು ಕಸಿದುಕೊಂಡಂತೆ. ಸುಮ್ಮನಿದ್ದು ತಪ್ಪಿದರೆ ಹಾಡುತ್ತ ಹಾಡುತ್ತ ತಾಯಿಯನ್ನೇ ಕೊಂದಂತೆ. ಎರಡರಲ್ಲಿ ಯಾವುದನ್ನು ಹೊತ್ತುಕೊಂಡು ಮುಂದೆ ಬದುಕುವುದು? ಅತ್ತಿಗೆ ಎರ್ರಮ್ಮ ಬಾವಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದವಳು, ತಲೆಯೆತ್ತದೆ, “ಅತ್ಯಾರು ನಿನ್ನಿಯಿಂದ ಒಂದು ಗುಟುಕು ನೀರು ಕುಡಿದಿಲ್ಲ. ಹೊರಗ ಹೋಗಿದ್ದೂ ಇಲ್ಲ,” ಎಂದಷ್ಟೇ ಹೇಳಿ ಮತ್ತೆ ಬೂದಿ ಉಜ್ಜಿದಳು.

ಅಯ್ಯನವರು ನಾಳೆ ಎಂದವರು ಅಂದೇ ಮಧ್ಯಾಹ್ನ ಬಂದರು. ಮಠದ ಹಿರಿಯರು, ನಿಧಾನದ ಮನುಷ್ಯ, ಮಾತಿಗೆ ಮೊದಲು ಒಂದು ಚಿಟಿಕೆ ನಶ್ಯ ಏರಿಸುವ ರೂಢಿ. ಜನ ಎದ್ದು ನಿಂತರು. ಅವರು ಶಿವಬಸಮ್ಮನ ಹಣೆಗೆ ವಿಭೂತಿ ಧರಿಸುವ ಮೊದಲೇ ಚನ್ನವೀರಮ್ಮ ಎಲ್ಲರೆದುರು ಅವರ ಕಾಲು ಹಿಡಿದಳು.

“ಅಪ್ಪಾರ, ಕರೆ ಬಂದೋರ್ನ ಬಳ್ಳಾರಿಗೆ ಕರಕೊಂಡು ಹೋದ್ರ ಪಾಪ ಬರತೈತೇನ್ರಿ?”

ಮರಿಬಸಪ್ಪ ನೆಲ ನೋಡಿದ. ಅಯ್ಯನವರು ನಶ್ಯದ ಡಬ್ಬಿ ತೆಗೆದರು, ಏರಿಸಿದರು, ಸೀನಿದರು, ಧೋತರದ ಚುಂಗಿನಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ಶಿವಬಸಮ್ಮನ ಎದುರು ಕೂತು ಬಹಳ ಹೊತ್ತು ಅವಳನ್ನು ನೋಡಿದರು. ಅವಳು ನೀರೆರೆಯುತ್ತಲೇ ಇದ್ದಳು.

“ಶಿವನ ಕರೆ ಆದ್ರ,” ಎಂದರು ಕೊನೆಗೆ, “ಅದು ಬಳ್ಳಾರಿಗೂ ಬರತೈತಿ. ಆತಗ ಬಳ್ಳಾರಿ ಹಾದಿ ಗೊತ್ತಿಲ್ಲೇನು? ಕರೆ ಅಲ್ಲದಿದ್ರ ಆಕಿ ಮನಿಗೆ ಬರತಾಳ. ಬಂಡಿ ಹೂಡ್ರಿ.” ಮರಿಬಸಪ್ಪನ ಕಡೆ ತಿರುಗಿದರು. “ನಾ ಎಷ್ಟೋ ಮಂದಿಗೆ ವಿಭೂತಿ ಇಟ್ಟೀನಿ ಬಸಪ್ಪ. ಹೊಂಟೋರಿಗೆ ಇಷ್ಟು ಗಾಬರಿ ಇದ್ದಿದ್ದು ನಾ ಕಂಡಿಲ್ಲ.”

ಮರುದಿನ ಮೂಡಲು ಕೆಂಪೇರುವಾಗ, ಬಸ್ಸಿನಲ್ಲಿ ಮಲಗಿಸಿ ಒಯ್ಯಲಾಗದೆಂದು, ಸವಾರಿ ಬಂಡಿಗೆ ಹುಲ್ಲು ಹಾಸಿ ಮೇಲೆ ಕೌದಿ ಹಾಸಿದರು. ಶಿವಬಸಮ್ಮನನ್ನು ಹತ್ತಿಸುವುದೇ ಕಷ್ಟವಾಗಬಹುದೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಎತ್ತುಗಳನ್ನು ಕಂಡು ಮುಖ ಅರಳಿಸಿದಳು.

“ಹಲಕುಂದಿಗೇನು?” ಅಂದಳು. ಹಲಕುಂದಿ ಅವಳ ತವರು, ಬಳ್ಳಾರಿಯ ಆಚೆಗಿನ ಊರು.

“ಹೂಂ ಬೇ, ಹಲಕುಂದಿಗೆ,” ಅಂದಳು ಚನ್ನವೀರಮ್ಮ. ಮದುವೆಯಾದ ಹೊಸತರ ಹುಡುಗಿಯ ಹಾಗೆ ತಾಯಿ ತಾನಾಗಿ ಗಾಲಿಯ ಮೇಲೆ ಕಾಲಿಟ್ಟಳು.

ಮರಿಬಸಪ್ಪ ಬರಲಿಲ್ಲ. ಬಾಗಿಲ ಕಂಬ ಹಿಡಿದು ನಿಂತಿದ್ದ. ಬಂಡಿ ಹೊಡೆದವನು ಮನೆಯ ಆಳು ಗಾಳೆಪ್ಪ. ದೊಡ್ಡ ಬಸವಣ್ಣನ ಗುಡಿ ದಾಟಿ ಹಾದಿಗೆ ಬಿದ್ದಮೇಲೆ ಶಿವಬಸಮ್ಮ ಅವನ ಬೆನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಮಾವಾರ, ಸ್ವಲ್ಪ ನಿಧಾನ ಹೊಡೀರಿ,” ಎಂದಳು ತಗ್ಗಿದ ದನಿಯಲ್ಲಿ.

ಗಾಳೆಪ್ಪ ಹಗ್ಗ ಕೈಬಿಡುವುದೊಂದು ಬಾಕಿ. “ಅಕ್ಕಾರ! ಅಮ್ಮಾರು ನನ್ನ ಮಾವಾರ ಅಂತಾರ್ರಿ! ನಾ ಈಗ ಏನು ಅನ್ನಲಿ?”

“ಏನೂ ಅನಬ್ಯಾಡ. ನಿಧಾನ ಹೊಡಿ.”

“ಮಾವಾರಂದ್ರ ದೊಡ್ಡ ಗೌಡರಲ್ರೀ. ಅವರು ಬದುಕಿದ್ದಾಗ ನಾ ಅವರ ಎದುರಿಗೆ ಬೀಡಿ ಸೈತ ಸೇದಿಲ್ಲ. ಈಗ ಅವರಾಗಿ ಕುಂತು ಹೆಂಗ ಸೇದಲಿ?” ಎಂದವನು ಬಳ್ಳಾರಿ ಮುಟ್ಟುವ ತನಕ ಬೀಡಿ ಮುಟ್ಟಲಿಲ್ಲ.

ಹಾದಿಯಲ್ಲಿ ಎಡಕ್ಕೂ ಬಲಕ್ಕೂ ಹತ್ತಿ, ಕುಸುಬೆ. ಬಿಸಿಲೇರಿತು. ಚನ್ನವೀರಮ್ಮ ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೇರೆ ಏನನ್ನೂ ನೋಡಲಿಲ್ಲ. ಕರಡಿಗೆಯನ್ನು ನೋಡಿದಳು. ಬಂಡಿಯ ಕುಲುಕಾಟ ಯಾವುದು, ಉಸಿರು ಯಾವುದು ಎಂದು ಬೇರ್ಪಡಿಸಿ ನೋಡಿದಳು. ಒಂದೆಡೆ ಹಳ್ಳ ದಾಟುವಾಗ ಅದು ನಿಂತಿತು. ಅವಳ ಎದೆಯೂ ನಿಂತಿತು. ಆಮೇಲೆ ಅದು ಮತ್ತೆ ಸಣ್ಣಗೆ, ಬೇಗಬೇಗ ಏರತೊಡಗಿತು. ‘ಶಿವನೇ, ಬದುವಿನ ಮ್ಯಾಲ ಮಾತ್ರ ಬ್ಯಾಡ’ ಎಂದಷ್ಟೇ ಬೇಡಿಕೊಂಡಳು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ವೆಂಕಣ್ಣ ಡಾಕ್ಟರ ದವಾಖಾನೆ. ಹಿಂದೊಮ್ಮೆ ಚನ್ನವೀರಮ್ಮನ ಗಂಡನ ಬೆರಳು ಹತ್ತಿ ಯಂತ್ರಕ್ಕೆ ಸಿಕ್ಕಾಗ ಹೊಲಿಗೆ ಹಾಕಿ ಉಳಿಸಿದವರು. ತೆಲುಗು ಮನೆಮಾತಿನವರು, ಯುದ್ಧಕಾಲದಲ್ಲಿ ದಂಡಿನಲ್ಲಿ ಇದ್ದು ಬಂದವರು. ಚನ್ನವೀರಮ್ಮ ಹೇಳಿದ್ದನ್ನೆಲ್ಲ ಕೇಳಿಕೊಂಡು ಅವರು ನಾಡಿ ಹಿಡಿದರು, ಹಣೆ ಮುಟ್ಟಿದರು, ನಾಲಿಗೆಯ ಕೆಳಗೆ ಗಾಜಿನ ಕಡ್ಡಿ ಇಟ್ಟು ತೆಗೆದರು. ಜ್ವರ ಇರಲಿಲ್ಲ. ಚನ್ನವೀರಮ್ಮನಿಗೆ ಅಣ್ಣನ ಮಾತೇ ನಿಜವೇನೋ ಎನ್ನಿಸಿತು.

“ಎಷ್ಟು ದಿವಸದಿಂದ ಈ ಮಾತು?” ಡಾಕ್ಟರು ಕೇಳಿದರು.

“ಯಾವ ಮಾತು ಸಾಹೇಬರ?”

“ಈ ಸತ್ತೋರ ಜೊತಿ ಮಾತು. ಮೊದಲೂ ಮರೆವು ಇತ್ತೇನು?”

“ಇಲ್ಲರಿ! ಮೊನ್ನಿ ತನಕ ಯಾರ ಹೊಲದಾಗ ಎಷ್ಟು ಹೆಣ್ಣಾಳು ಅಂತ ಬಾಯಿಲೇ ಹೇಳಾಕಿ.”

ಡಾಕ್ಟರು ತಲೆಯಾಡಿಸಿ, ಕಿವಿಗೆ ನಳಿಗೆ ಹಾಕಿಕೊಂಡು ಬೆನ್ನಿಗೆ ಹಚ್ಚಿದರು. ಎದೆಗೆ ಬರುವಾಗ ಕೈ ಹಿಂದೆಗೆದು, “ಅಮ್ಮಾ, ಲಿಂಗ ಸ್ವಲ್ಪ ನೀವೇ ಪಕ್ಕಕ್ಕೆ ಸರಿಸ್ರಿ. ತೆಗೀಬ್ಯಾಡ್ರಿ,” ಎಂದರು. ಬಲಗಡೆ ಬೆನ್ನಿನ ಕೆಳಗೆ ಅವರ ಕೈ ನಿಂತಿತು. ಅಲ್ಲೇ ಬೆರಳಿನಿಂದ ತಟ್ಟಿದರು. ತುಂಬಿದ ಗಡಿಗೆಯನ್ನು ತಟ್ಟಿದ ಸದ್ದು ಬಂತು. ಎಡಗಡೆ ತಟ್ಟಿದರು, ಬರಿದಾದ ಗಡಿಗೆಯ ಸದ್ದು.

“ಇಲ್ಲಿ ಬರ್ರಿ,” ಎಂದು ನಳಿಗೆಯನ್ನು ಚನ್ನವೀರಮ್ಮನ ಕಿವಿಗೆ ಇಟ್ಟರು.

ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಅವ್ವ ಉಸಿರೆಳೆದಳು, ಆಗ ಕೇಳಿಸಿತು. ಬಿಸಿ ಹಂಚಿನ ಮೇಲೆ ಜೋಳ ಹಾಕಿದಾಗ ಅರಳುವ ಮೊದಲು ಸಣ್ಣಗೆ ಚಿಟಪಟ ಎನ್ನುತ್ತದಲ್ಲ, ಆ ಸದ್ದು. ಉಸಿರು ಬಂದಾಗೊಮ್ಮೆ ಚಿಟಪಟ. ಹೊರಗೆ ತಣ್ಣಗಿನ ಚರ್ಮ, ಒಂದು ಕೆಮ್ಮಿಲ್ಲ, ಅಯ್ಯೋ ಎಂಬ ಒಂದು ಮಾತಿಲ್ಲ. ಒಳಗೆ ಹಂಚು ಉರಿಯುತ್ತಿತ್ತು. ಊರವರೆಲ್ಲ ಸುತ್ತ ಕೂತು ಹಾಡಿದ್ದರು, ತಾನೂ ಹಾಡಿದ್ದಳು. ಈ ಸದ್ದು ಅವರೆಲ್ಲರ ನಡುವೆ, ಒಂದು ಸೆರಗಿನ ಆಚೆ, ಯಾರಿಗೂ ಕೇಳದ ಹಾಗೆ ನಡೆದೇ ಇತ್ತು. ಈ ಎದೆಯ ಹಾಲು ಕುಡಿದವಳು ತಾನು. ಅದರ ಒಳಮನೆಗೆ ಇವತ್ತು ಕಾಲಿಟ್ಟಂತಾಯಿತು. ತನಗೆ ಗೊತ್ತಿಲ್ಲದೆಯೇ ಅವಳು ಕೈ ಮುಗಿದಿದ್ದಳು.

“ಬಲಗಡಿ ಶ್ವಾಸಕೋಶದಾಗ ನೀರು ಕೀವು ತುಂಬೇದ. ನ್ಯುಮೋನಿಯಾ ಅಂತಾರ,” ಎಂದರು ಡಾಕ್ಟರು.

“ಮತ್ತ ಜ್ವರ ಯಾಕಿಲ್ಲರಿ?”

“ಹರೇದೋರಿಗೆ ಈ ರೋಗ ಬಂದ್ರ ಮೈ ಕೆಂಡ ಆಗತೈತಿ. ಪಕ್ಕಿ ಹಿಡಿತೈತಿ, ಕೆಮ್ಮಿ ಕೆಮ್ಮಿ ಮನಿ ಎಬ್ಬಿಸ್ತಾರ. ವಯಸ್ಸಾದ ಮೈಯಾಗ ಅಷ್ಟು ಕೆಂಡ ಮಾಡಾಕ ಕಟ್ಟಿಗಿ ಎಲ್ಲಿಂದ ಬರಬೇಕಮ್ಮಾ? ಒಬ್ಬರು ಸುಮ್ಮನ ಬೀಳತಾರ. ಒಬ್ಬರು ಉಣ್ಣೋದು ಬಿಡತಾರ. ಒಬ್ಬರು ಹಿಂಗ ಹೊತ್ತು ಗೊತ್ತು ತಪ್ಪಿ ಮಾತಾಡತಾರ. ರೋಗ ಎದಿಯಾಗ, ಅದರ ಮಾತು ತಲಿಯಾಗ.” ಸೂಜಿ ಕುದಿಸಲು ಇಡುತ್ತ ತಮ್ಮಷ್ಟಕ್ಕೇ ಎಂಬಂತೆ ಅಂದರು: “ದಂಡಿನಾಗ ಎಲ್ಲಾ ಹರೇದ ಹುಡುಗರ ಮೈ ನೋಡಿ ಬಂದೋನು ನಾನು. ಇಲ್ಲಿಗೆ ಬಂದ ಮ್ಯಾಲ ಮುದುಕರ ಮೈ ಬ್ಯಾರೇನ ಒಂದು ದೇಶ ಅನ್ನಿಸತೈತಿ. ಎಷ್ಟು ನೋಡಿದ್ರೂ ನನಗ ಇನ್ನೂ ಬೆರಗು.”

“ಉಳಿತಾಳೇನ್ರಿ?”

ಡಾಕ್ಟರು ಕಪಾಟಿನಿಂದ ಒಂದು ಸಣ್ಣ ಸೀಸೆ ತೆಗೆದರು. “ಪೆನ್ಸಿಲಿನ್ ಅಂತ ಹೊಸ ಸೂಜಿ ಐತಿ. ತಾಸು ತಾಸಿಗೆ ನೋಡಿ ಕೊಡಬೇಕು. ನೀರು ನೀವು ಕುಡಿಸಬೇಕು. ಕುಡಿಯಂಗಿಲ್ಲ ಅಂದ್ರಲ್ಲ, ಅದನ್ನ ಹೆಂಗರ ಮಾಡಿ ನೀವ ಗೆಲ್ಲಬೇಕು.”

ಹಿಂದಿನ ಕೋಣೆಯಲ್ಲಿ ಮಂಚ ಹಾಕಿದರು. ಸೂಜಿಯ ಕೆಲಸ ಡಾಕ್ಟರದು, ನೀರಿನ ಕೆಲಸ ಚನ್ನವೀರಮ್ಮನದು. ಚಮಚ ತುಟಿಗೆ ಇಟ್ಟರೆ ತಾಯಿ ಹಲ್ಲು ಕಚ್ಚಿ “ಪೂಜಿ ಆಗಿಲ್ಲ” ಎನ್ನುವಳು. ಹೇಳಿ ನೋಡಿದಳು, ಗದರಿ ನೋಡಿದಳು, ಅತ್ತಳು. ಕೊನೆಗೆ ಹೊಳೆಯಿತು. ತಾಯಿಯ ಎಡಗೈಯನ್ನು ತನ್ನ ಎಡಗೈಯಲ್ಲಿ ಹಿಡಿದು, ಅದರಲ್ಲಿ ಲಿಂಗ ಇಟ್ಟು, ಬಲಗೈಗೆ ತನ್ನ ಬಲಗೈ ಜೋಡಿಸಿ, ಚಿಕ್ಕಂದಿನಲ್ಲಿ ತಾಯಿ ತನಗೆ ಕಲಿಸಿದ ಹಾಗೆ ಒಂದೊಂದನ್ನೇ ಬಾಯಿಬಿಟ್ಟು ಹೇಳುತ್ತ ಮಾಡಿಸಿದಳು. “ಈಗ ನೀರು. ಈಗ ವಿಭೂತಿ. ಈಗ ಪತ್ರಿ. ಕಣ್ಣು ಮುಚ್ಚು. ಕಣ್ಣು ತೆಗಿ. ಆತು ನೋಡವ್ವ, ಇದು ತೀರ್ಥ.” ಆ ಮಾತು ಆರುವ ಮೊದಲೇ ಚಮಚ ಬಾಯಿಗೆ ಇಟ್ಟಳು. ಗಂಟಲು ಅಲುಗಿತು. ಇನ್ನೊಂದು. ಮತ್ತೊಂದು. ತಾಯಿ ಮರೆತಾಗ ಮತ್ತೆ ಮೊದಲಿನಿಂದ. ಆ ಕೋಣೆಯಲ್ಲಿ ನಡೆದಷ್ಟು ಲಿಂಗಪೂಜೆ ಯಾವ ಮಠದಲ್ಲೂ ನಡೆದಿರಲಿಕ್ಕಿಲ್ಲ. ಗಾಳೆಪ್ಪ ಹೊತ್ತುಹೊತ್ತಿಗೆ ಎಲ್ಲಿಂದಲೋ ಪತ್ರಿ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ.

ಹೀಗೆ ಎಷ್ಟು ಹಗಲು ಕಳೆದವೋ ಚನ್ನವೀರಮ್ಮ ನೆನಪಿಟ್ಟುಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಮಂಚದ ಕಾಲಿಗೆ ಒರಗಿ ಜೊಂಪು ಹತ್ತಿದ್ದವಳಿಗೆ ತಲೆಯ ಮೇಲೆ ಕೈಯಾಡಿದ ಹಾಗಾಯಿತು. ಹೊರಗೆ ತಗಡಿನ ಅಂಗಡಿಯವರು ಸುತ್ತಿಗೆ ಬಡಿಯತೊಡಗಿದ್ದರು.

“ಏನದು, ಬೆಳಗಾಗೋದ್ರಾಗ ಕುಟ್ಟಾಕ ಹತ್ಯಾರ?” ತಾಯಿಯ ದನಿ. ಸೋತಿತ್ತು, ಆದರೆ ಅವಳದೇ ದನಿ. “ಚನ್ನಿ? ನೀ ಯಾವಾಗ ಬಂದಿ? ಸಿರುಗುಪ್ಪದಾಗ ಎಲ್ಲಾರು ಅರಾಮ ಅದಾರಿಲ್ಲೋ? ತಲಿ ಎಷ್ಟು ದಿನಾತು ಎಣ್ಣಿ ಕಾಣದ, ಹುಲ್ಲಿನ ಬಣವಿ ಆಗೇತಿ!”

ಚನ್ನವೀರಮ್ಮ ತಲೆಯ ಮೇಲಿನ ಆ ಕೈಯನ್ನು ಹಿಡಿದುಕೊಂಡಳು. ಇಷ್ಟು ದಿನ ತನ್ನನ್ನು ಹಾದು ಗೋಡೆಗೆ ಹೋಗುತ್ತಿದ್ದ ನೋಟ ತನ್ನ ಮೇಲೆ ನಿಂತಿತ್ತು. ಅವ್ವ ಎಲ್ಲಿಗೆ ಹೋಗಿದ್ದಳು? ಯಾವ ಹಾದಿ ಹಿಡಿದು ತಿರುಗಿ ಬಂದಳು? ಕೇಳಿದರೆ ಹೇಳಲು ಅವಳಿಗೂ ಗೊತ್ತಿರಲಿಲ್ಲ.

ಆ ಹೊತ್ತಿಗೇ ಮರಿಬಸಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಮೊದಲ ಬಸ್ಸಿಗೆ ಬಂದಿದ್ದ. ಮುಖ ಇಳಿದಿತ್ತು, ಕಂಕುಳಲ್ಲಿ ಒಂದು ಕೈಚೀಲ. ತಾಯಿ ತನ್ನನ್ನು ನೋಡುತ್ತಿರುವುದು ಕಂಡು ಹೊಸ್ತಿಲ ಮೇಲೇ ನಿಂತ.

“ಬಾ ಬಸಪ್ಪ. ಏನದು ಚೀಲದಾಗ?”

ಚೀಲದ ಬಾಯಲ್ಲಿ ಮಡಿಸಿದ ಹೊಸ ಬಿಳಿ ಬಟ್ಟೆ ಕಾಣುತ್ತಿತ್ತು. ಅದು ಯಾತಕ್ಕೆಂದು ಚನ್ನವೀರಮ್ಮನಿಗೆ ತಿಳಿಯಿತು. ಅಣ್ಣ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ.

“ಏನಿಲ್ಲವ್ವ... ಹೊಚಗೊಳ್ಳಾಕ ತಂದೀನಿ. ನಿನಗ ಚಳಿ ಅಂತ.”

“ಬಿಳೇದು ಯಾಕ ತಂದಿ? ಬಣ್ಣದ್ದು ತರಬಾರದ? ಎರಡ ದಿನಕ್ಕ ಹೊಲಸಾಗತೈತಿ,” ಎಂದಳು ತಾಯಿ.

ಮರಿಬಸಪ್ಪ ಹಾ ಎಂದು ನಗಲು ಹೋಗಿ ಚೀಲವನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿದ. ತಂಗಿಯ ಕಡೆ ನೋಡಿದ. ಅವಳು ಎದ್ದು ಅವನ ಕೈಗೆ ತಂಬಿಗೆ ಕೊಟ್ಟು, “ಹೋಗು ಅಣ್ಣ, ನಳದಾಗ ನೀರು ತಾ. ಅವ್ವನ ಪೂಜಿ ಆಗಬೇಕು,” ಎಂದಳು.

ಶಿವಬಸಮ್ಮ ಎದ್ದು ಕೂತಳು. ಇವತ್ತು ಯಾರಿಗೂ ಕೈ ಹಿಡಿಯಗೊಡಲಿಲ್ಲ. ಚನ್ನವೀರಮ್ಮ ನೋಡುತ್ತ ಕೂತಳು. ತಾಯಿ ಕರಡಿಗೆ ಬಿಚ್ಚಿದಳು. ನೀರೆರೆದಳು. ವಿಭೂತಿ ಧರಿಸಿದಳು. ಕೈ ಪತ್ರಿಯ ಕಡೆಗೆ ಹೋಯಿತು. ನಡುವೆ ಒಂದು ಗಳಿಗೆ ತಡೆಯಿತು. ಮರಿಬಸಪ್ಪ ಕಣ್ಣು ಮುಚ್ಚಿದ. ಕೈ ಬಾಡಿದ ಎಲೆಯೊಂದನ್ನು ಪಕ್ಕಕ್ಕೆ ಸರಿಸಿ, ಹಸಿರಾದುದನ್ನು ಆರಿಸಿ ಎತ್ತಿಕೊಂಡಿತು. ಲಿಂಗದ ಮೇಲೆ ಇಟ್ಟಿತು. ತಾಯಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ತೀರ್ಥ ತೆಗೆದುಕೊಂಡು, ಲಿಂಗವನ್ನು ಒರೆಸಿ, ಕರಡಿಗೆಯೊಳಗಿಟ್ಟು ಮುಚ್ಚಿ, ಶಿವದಾರ ಸರಿಮಾಡಿಕೊಂಡಳು. ಇಬ್ಬರು ಮಕ್ಕಳೂ ತನ್ನನ್ನೇ ನುಂಗುವ ಹಾಗೆ ನೋಡುತ್ತಿರುವುದು ಆಗ ಅವಳ ಗಮನಕ್ಕೆ ಬಂತು.

“ಏನು ನೋಡ್ತೀರಿ ಬಾಯಿ ತಕ್ಕೊಂಡು? ಪೂಜಿ ಆತು. ಉಣ್ಣಾಕ ಏನೈತಿ?”

ಬಾಗಿಲಲ್ಲಿದ್ದ ಗಾಳೆಪ್ಪ ಗಂಜಿ ತರಲು ಓಡಿದ. ಅವನ ಬೀಡಿಯ ವಾಸನೆ ಹಿಂದೆ ಉಳಿಯಿತು. ಮರಿಬಸಪ್ಪ ಬಿಳಿ ಬಟ್ಟೆ ತೆಗೆದು ತಾಯಿಯ ಹೆಗಲಿಗೆ ಹೊದಿಸಿದ. ಚನ್ನವೀರಮ್ಮ ಮಂಚದ ಕೆಳಗೆ ಕೂತೇ ಇದ್ದಳು. ಕಿಟಕಿಯ ಬಿಸಿಲು ಬೆಳ್ಳಿಯ ಕರಡಿಗೆಯ ಮೇಲೆ ಬಿದ್ದಿತ್ತು. ಅದು ಏರಿತು. ಇಳಿಯಿತು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ಅವಸರವಿಲ್ಲದೆ ಮತ್ತೆ ಏರಿತು.